ಎದ್ದು ಮಾಡಿ ತೋರಿಸು

ಮುನಿರ್ಕಾ, ನವದೆಹಲಿ
೧೨ ಜನವರಿ ೨೦೨೪

ಮಾವನವರಿಗೆ ಸೊಸೆಯ ನಮಸ್ಕಾರಗಳು.

ನಾನೂ ಗಗನಾಳೂ ಇಲ್ಲಿ ಕ್ಷೇಮ. ಸಂಕ್ರಾಂತಿಯ ಎಳ್ಳು ಶ್ರೀವಿದ್ಯಾಳ ಹೆಸರಿಗೆ ಬೇರೆ ಕಳಿಸಿದ್ದೇನೆ. ಸಕ್ಕರೆ ಅಚ್ಚು ಇಲ್ಲಿ ಸಿಗಲಿಲ್ಲ, ಬದಲಿಗೆ ಇಲ್ಲಿನವರು ತಿನ್ನುವ ರೇವಡಿ ಹಾಕಿದ್ದೇನೆ. ಬೈಯಬೇಡಿ.

ಫೋನಿನಲ್ಲಿ ನಾನು ಹೇಳಿದ್ದು ನಿಮಗೆ ಕೇಳಿಸುವುದಿಲ್ಲ. ನಿಮ್ಮ ಮಗಳು ನಡುವೆ ನಿಂತು ಕೂಗಿ ಹೇಳುವಷ್ಟರಲ್ಲಿ ನಾನು ಹೇಳಿದ್ದು ಒಂದು, ನಿಮಗೆ ಮುಟ್ಟಿದ್ದು ಇನ್ನೊಂದು ಆಗಿರುತ್ತದೆ. ಅದಕ್ಕೇ ಈ ಕಾಗದ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾವ ಮನೆಯಲ್ಲಿರುವಾಗ ಬೇರೆ ಯಾರನ್ನು ಕೇಳಲಿ?

ಅವರು ಹೋದ ಮೇಲೆ ಅನುಕಂಪದ ಆಧಾರದಲ್ಲಿ ಅವರ ಕಚೇರಿಯಲ್ಲೇ ನನಗೆ ಕೆಲಸ ಕೊಟ್ಟರಲ್ಲ. ಅದರ ಹೆಸರೇನೋ ಮಲ್ಟಿ ಟಾಸ್ಕಿಂಗ್ ಸ್ಟಾಫ್. ಮಾಡುವುದು ಫೈಲು ಹೊರುವುದು, ಟಪಾಲು ಹಂಚುವುದು, ಸಾಹೇಬರ ಕೋಣೆಗೆ ನೀರು ಇಡುವುದು. ಕೆಲಸಕ್ಕೆ ನಾನು ನಾಚುವವಳಲ್ಲ, ನಿಮಗೇ ಗೊತ್ತು. ಆದರೆ ಎರಡು ವರ್ಷವಾದರೂ ಅಲ್ಲಿ ನನಗೊಂದು ಹೆಸರಿಲ್ಲ. ‘ಅರೇ, ಯೋಗೀಶ್‌ಜೀ ಕೀ ಮಿಸೆಸ್ ಕೋ ಬುಲಾವೋ’ ಎಂದೇ ಕೂಗುತ್ತಾರೆ. ಕುರ್ಚಿ ಇದೆ, ಬಾಗಿಲ ಹೊರಗೆ ಕಾರಿಡಾರಿನಲ್ಲಿ. ನನಗೆ ಒಳಗೊಂದು ಮೇಜು ಬೇಕು ಮಾವ.

ಜುಲೈಯಲ್ಲಿ ಇಲಾಖಾ ಪರೀಕ್ಷೆ ಇದೆ. ಪಾಸಾದರೆ ಕ್ಲರ್ಕ್. ನಲವತ್ತೈದು ದಾಟಿದವರನ್ನು ನಮ್ಮಲ್ಲಿ ಕೂರಿಸುವುದಿಲ್ಲ. ಹಾಗಾಗಿ ನನಗಿರುವುದು ಈ ವರ್ಷ, ತಪ್ಪಿದರೆ ಮುಂದಿನ ವರ್ಷ, ಅಷ್ಟೇ. ಲೆಕ್ಕ, ಸಾಮಾನ್ಯ ಜ್ಞಾನ ಹೇಗೋ ಆಗುತ್ತದೆ. ಕನ್ನಡ ಮಾಧ್ಯಮದ ಪಿಯುಸಿಯವಳಿಗೆ ಇಂಗ್ಲಿಷ್ ಪೇಪರೇ ಯಮ. ನೋಡಿ, ನಾನೇ ಬರೆದದ್ದು: ‘ಐ ಆಮ್ ಹ್ಯಾವಿಂಗ್ ಒನ್ ಡಾಟರ್. ಐ ಆಮ್ ನೋಯಿಂಗ್ ಹಿಂದಿ ಆಂಡ್ ಕನ್ನಡ. ಐ ಆಮ್ ವಾಂಟಿಂಗ್ ಪ್ರಮೋಷನ್.’ ನಿಮ್ಮ ಮೊಮ್ಮಗಳು ಇದನ್ನು ಓದಿ ಹಾಸಿಗೆ ಮೇಲೆ ಬಿದ್ದು ನಕ್ಕಳು. ‘ಮಮ್ಮಿ, ಸಬ್ ಗಲತ್ ಹೈ ಯಾರ್’ ಅಂದಳು. ಯಾಕೆ ಗಲತ್ ಅಂತ ಕೇಳಿದರೆ ‘ಬಸ್, ಕೇಳಲಿಕ್ಕೆ ಸರಿ ಇಲ್ಲ’ ಅನ್ನುತ್ತಾಳೆ. ಅದೂ ಒಂದು ಉತ್ತರವೇ?

ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಓಡುತ್ತೇನೆ.


ದಾವಣಗೆರೆ
೨೩ ಜನವರಿ ೨೦೨೪

ಪದ್ಮಾ,

ಮೇಲೆ ಏನು ಬರೆಯಬೇಕೆಂದು ತೋಚದೆ ಎರಡು ಹಾಳೆ ಹರಿದು ಹಾಕಿದೆ. ಹಿಂದೆಲ್ಲ ನಿನಗೆ ‘ಚಿ. ಸೌ.’ ಎಂದು ಶುರುಮಾಡುತ್ತಿದ್ದೆ. ಈಗ ಬರೀ ಹೆಸರು. ಇರಲಿ.

ಮೊದಲು ಬೈಗುಳ. ಕಾಗದಕ್ಕೆ ಸಹಿ ಎಲ್ಲಿ? ‘ಸೊಸೆಯ ನಮಸ್ಕಾರ’ ಎಂದು ಶುರುಮಾಡಿ ‘ಓಡುತ್ತೇನೆ’ ಎಂದು ಮುಗಿಸಿದ್ದೀಯೆ. ಬಾಗಿಲು ತಟ್ಟಿ ಓಡಿಹೋಗುವ ಹುಡುಗರಿಗೂ ನಿನಗೂ ಏನು ವ್ಯತ್ಯಾಸ? ಕನ್ನಡವಾಗಲಿ ಇಂಗ್ಲಿಷಾಗಲಿ, ಪತ್ರ ಬರೆದರೆ ಕೆಳಗೆ ನಿನ್ನ ಹೆಸರು ಸ್ಪಷ್ಟವಾಗಿ ಬರೆ. ‘ಬರೆದವನು ನಾನೇ ಎಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದವನು ಪೆನ್ನು ಮುಟ್ಟಬೇಡ’ ಎಂದು ನನ್ನ ಕ್ಲಾಸಿನಲ್ಲಿ ಹೇಳುತ್ತಿದ್ದೆ. ನಿನಗೂ ಅದೇ ಮಾತು. ಸಹಿ ಇಲ್ಲದ ಕಾಗದವನ್ನು ಇನ್ನು ಮೇಲೆ ಒಡೆದೂ ನೋಡುವುದಿಲ್ಲ.

ವಾಟ್ಸಾಪಿನಲ್ಲಿ ಪಾಠ ಮಾಡಿ ಎನ್ನುತ್ತಾಳೆ ಶ್ರೀವಿದ್ಯಾ. ಆ ಗಾಜಿನ ಮೇಲೆ ಕೆಂಪು ಶಾಯಿ ಹತ್ತುವುದಿಲ್ಲ. ಇಂಗ್ಲಿಷಿನಲ್ಲಿ ವಾರಕ್ಕೊಂದು ಪುಟ ಬರೆದು ಕಳಿಸು. ತಿದ್ದಿ ವಾಪಸ್ ಕಳಿಸುತ್ತೇನೆ.

ಈಗ ಪಾಠ. ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಎರಡು ಬಗೆ. ಕೆಲಸವನ್ನು ಹೇಳುವವು ಒಂದು ಬಗೆ: ರನ್, ರೈಟ್, ಈಟ್, ಕ್ಯಾರಿ. ಇವು ಆಕ್ಷನ್ ವರ್ಬ್. ಇರುವ ಸ್ಥಿತಿಯನ್ನು ಹೇಳುವವು ಇನ್ನೊಂದು ಬಗೆ: ನೋ, ಹ್ಯಾವ್, ವಾಂಟ್, ಲೈಕ್, ಬಿಲಾಂಗ್. ಇವು ಸ್ಟೇಟ್ ವರ್ಬ್. ಕೆಲಸವೆಂದರೆ ಶುರುವಾಗುತ್ತದೆ, ನಡೆಯುತ್ತದೆ, ಮುಗಿಯುತ್ತದೆ. ಅದಕ್ಕೆ ‘ಇಂಗ್’ ಹಚ್ಚಿ ಈಗ ನಡೆಯುತ್ತಿದೆ ಎನ್ನಬಹುದು. ಸ್ಥಿತಿಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ನಿನಗೆ ಹಿಂದಿ ಗೊತ್ತು. ಈಗ ಕೂತು ಗೊತ್ತು ಮಾಡಿಕೊಳ್ಳುತ್ತಾ ಇಲ್ಲವಲ್ಲ! ಆದ್ದರಿಂದ ‘ಐ ನೋ ಹಿಂದಿ’. ನಿನಗೆ ಒಬ್ಬಳು ಮಗಳಿದ್ದಾಳೆ, ‘ಐ ಹ್ಯಾವ್ ಒನ್ ಡಾಟರ್’.

ಯಾವುದು ಯಾವ ಬಗೆ ಎಂದು ಅನುಮಾನ ಬಂದರೆ ನನ್ನ ಹಳೆಯ ಪರೀಕ್ಷೆ ಇದೆ: ಎದ್ದು ಮಾಡಿ ತೋರಿಸು. ‘ಡಾನ್ಸ್’ ಅಂದರೆ ಇಡೀ ಕ್ಲಾಸು ಎದ್ದು ಕುಣಿಯುತ್ತಿತ್ತು. ‘ಓನ್’ ಅಂದರೆ ಎಲ್ಲರೂ ಪೆಚ್ಚುಮೋರೆ ಹಾಕಿ ನಿಲ್ಲುತ್ತಿದ್ದರು, ಒಡೆತನವನ್ನು ಏನೆಂದು ಮಾಡಿ ತೋರಿಸುವುದು? ಒಮ್ಮೆ ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು ‘ಏನ್ರೀ ಕೇಶವಮೂರ್ತಿ, ಇದೇನು ಡ್ರಿಲ್ ಪೀರಿಯಡ್ಡಾ?’ ಎಂದು ಕೇಳಿದ್ದರು.

ರೇವಡಿ ಹಲ್ಲಿಗೆ ಅಂಟುತ್ತದೆ. ಆದರೂ ಮುಗಿಯಿತು.

ಕೇಶವಮೂರ್ತಿ


ಮುನಿರ್ಕಾ
೧೦ ಮಾರ್ಚ್ ೨೦೨೪

ಮಾವನವರಿಗೆ ನಮಸ್ಕಾರಗಳು.

ನೀವು ತಿದ್ದಿ ಕಳಿಸುವ ಹಾಳೆಗಳು ವಾರ ವಾರ ಬರುತ್ತಿವೆ. ಮೊದಲನೆಯದನ್ನು ಬಿಚ್ಚಿದಾಗ ಕುಂಕುಮದ ಪೊಟ್ಟಣ ಒಡೆದಿದೆಯೇನೋ ಅನ್ನಿಸಿತು, ಅಷ್ಟು ಕೆಂಪು. ಈಗ ಅಲ್ಲಲ್ಲಿ ನನ್ನ ನೀಲಿಯೂ ಕಾಣುತ್ತಿದೆ.

ಎದ್ದು ಮಾಡಿ ತೋರಿಸುವ ಆಟ ನಮ್ಮ ಮನೆಯಲ್ಲಿ ಜೋರಾಗಿ ನಡೆದಿದೆ. ಗಗನಾ ಪದ ಹೇಳುತ್ತಾಳೆ, ನಾನು ಮಾಡಬೇಕು. ‘ಜಂಪ್’ ಅಂದಾಗ ಹಾರಿದೆ. ಕೆಳಗಿನ ಮನೆಯವರು ‘ಭಾಭೀಜೀ, ಸಬ್ ಠೀಕ್?’ ಎಂದು ಕೂಗಿದರು. ಮೇಲಿನ ಕೋಣೆಯಲ್ಲಿ ಯೂನಿವರ್ಸಿಟಿಯ ಹುಡುಗಿಯರಿದ್ದಾರೆ, ಈಗ ಅವರೂ ಬಂದು ಸೇರುತ್ತಾರೆ. ‘ಬಿಲೀವ್’ ಅಂದಾಗ ಒಬ್ಬಳು ಕಣ್ಣು ಮುಚ್ಚಿ ಕೈಮುಗಿದಳು. ‘ಅದು ಪ್ರೇ, ಬಿಲೀವ್ ಅಲ್ಲ’ ಅಂದೆ. ಇಂಗ್ಲಿಷಿನಲ್ಲಿ ಎಂ.ಎ. ಓದುವವಳು! ‘ಆಂಟೀಜೀ, ಆಪ್ ತೋ ಕಮಾಲ್ ಹೋ’ ಅಂದಳು. ಅದು ನಿಮಗೆ ಸಲ್ಲಬೇಕಾದ ಮಾತು, ತಗೊಳ್ಳಿ.

ಕಚೇರಿಯಲ್ಲಿ ಕಾರಿಡಾರಿನ ಕುರ್ಚಿಯಲ್ಲಿ ಕೂತು ಒಳಗಿನವರನ್ನೇ ನೋಡಿ ಅಭ್ಯಾಸ ಮಾಡುತ್ತೇನೆ. ಅನೂಪ್ ಸರ್ ಈಸ್ ಡ್ರಿಂಕಿಂಗ್ ಟೀ. ಅನೂಪ್ ಸರ್ ನೋಸ್ ಎವೆರಿಥಿಂಗ್. ಅವರು ನಮ್ಮ ಸೆಕ್ಷನ್ ಆಫೀಸರು, ಒಳ್ಳೆಯವರೇ. ಆದರೆ ಮಾವ, ಊಟ ಆದಮೇಲೆ ನಮ್ಮ ಸೆಕ್ಷನ್‌ನಲ್ಲಿ ಒಂದು ಆಕ್ಷನ್ ವರ್ಬೂ ಸಿಗುವುದಿಲ್ಲ. ಎಲ್ಲರೂ ಸ್ಥಿತಿಯಲ್ಲೇ ಇರುತ್ತಾರೆ.

ಇನ್ನೊಂದು ವಿಷಯ. ಸರಿಯೋ ತಪ್ಪೋ ನೀವೇ ಹೇಳಿ. ಮೊನ್ನೆ ಮೆಟ್ರೋದಲ್ಲಿ ನಿಂತು ಮನಸ್ಸಿನಲ್ಲೇ ಕನ್ನಡಕ್ಕೆ ಇಂಗ್ಲಿಷ್ ಜೋಡಿಸುತ್ತಾ ಬಂದೆ. ನಾನು ಓಡುತ್ತೇನೆ, ನಾನು ಬರೆಯುತ್ತೇನೆ, ನಾನು ಹೊರುತ್ತೇನೆ. ಇವೆಲ್ಲ ಕೆಲಸ. ಆಮೇಲೆ ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ, ನನಗೆ ಒಬ್ಬಳು ಮಗಳಿದ್ದಾಳೆ. ಇವೆಲ್ಲ ಸ್ಥಿತಿ. ಅಂದರೆ ಕೆಲಸಕ್ಕೆ ನಾವು ‘ನಾನು’ ಅನ್ನುತ್ತೇವೆ, ಸ್ಥಿತಿಗೆ ‘ನನಗೆ’ ಅನ್ನುತ್ತೇವೆ, ಹೌದೋ ಅಲ್ಲವೋ? ಇಂಗ್ಲಿಷಿನವರು ಎರಡಕ್ಕೂ ‘ಐ’ ಅನ್ನುತ್ತಾರೆ, ಅದಕ್ಕೇ ನಮಗೆ ಗೊಂದಲ. ಹೌಜ್ ಖಾಸ್‌ನಲ್ಲಿ ಇಳಿದು ಟ್ರೇನ್ ಬದಲಿಸಬೇಕಿತ್ತು, ಮರೆತು ಮುಂದೆ ಹೋಗಿಬಿಟ್ಟೆ. ಕಚೇರಿಗೆ ತಡವಾಗಿ ಬೈಸಿಕೊಂಡೆ. ಆದರೂ ಆ ದಿನವೆಲ್ಲ ನಗುತ್ತಲೇ ಇದ್ದೆ.

ನಿಮ್ಮ ಸೊಸೆ,
ಪದ್ಮಾ


ದಾವಣಗೆರೆ
೨ ಏಪ್ರಿಲ್ ೨೦೨೪

ಪದ್ಮಾ,

ನಿನ್ನ ಕಾಗದವನ್ನು ಓದಿ ಎದ್ದು ನಿಂತೆ. ‘ಏನಪ್ಪಾ, ಏನಾಯ್ತು?’ ಎಂದು ಶ್ರೀವಿದ್ಯಾ ಅಡಿಗೆಮನೆಯಿಂದ ಓಡಿಬಂದಳು. ಅವಳಿಗೂ ಓದಿ ಹೇಳಿದೆ. ಮೂವತ್ತು ವರ್ಷ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಮಕ್ಕಳನ್ನು ಬೆಂಚಿನ ಮೇಲೆ ಕುಣಿಸಿದೆನೇ ಹೊರತು ಅವರ ಬಾಯಲ್ಲೇ ಇದ್ದ ‘ನನಗೆ’ಯನ್ನು ನೋಡಲಿಲ್ಲ. ಭಲೆ ಪದ್ಮಾ! ಈಗಲೂ ಕ್ಲಾಸಿದ್ದಿದ್ದರೆ ನಾಳೆಯೇ ಇದನ್ನು ಬೋರ್ಡಿನ ಮೇಲೆ ನಿನ್ನ ಹೆಸರು ಹಾಕಿ ಬರೆಯುತ್ತಿದ್ದೆ.

ಆದರೆ ಮೇಷ್ಟರ ಬುದ್ಧಿ, ಹಾಗೇ ಬಿಡುವುದಿಲ್ಲ. ಎರಡು ದಿನ ಕೂತು ನಿನ್ನ ನಿಯಮಕ್ಕೆ ತೂತು ಹುಡುಕಿದೆ. ‘ನನಗೆ ನಗು ಬಂತು’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ನಗುವುದು ಕೆಲಸ. ‘ನಾನು ನಂಬುತ್ತೇನೆ’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಅದು ಸ್ಥಿತಿ. ಹಾಗಾಗಿ ಕಣ್ಣು ಮುಚ್ಚಿಕೊಂಡು ಹೋಗಬೇಡ. ಆದರೆ ಬಹುಪಾಲು ದಾರಿ ತಪ್ಪಿಸುವುದಿಲ್ಲ. ಇನ್ನೂ ಸ್ವಲ್ಪ ದೂರ ಹೋಗಿ ನೋಡಿದೆ. ನನಗೆ ಕಾಣಿಸುತ್ತದೆ, ‘ಸೀ’, ಸ್ಥಿತಿ. ನಾನು ನೋಡುತ್ತಿದ್ದೇನೆ, ‘ಲುಕ್’, ಕೆಲಸ. ನನಗೆ ಕೇಳಿಸುತ್ತದೆ, ‘ಹಿಯರ್’. ನಾನು ಕೇಳುತ್ತಿದ್ದೇನೆ, ‘ಲಿಸನ್’.

ಕಿವಿ ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೇ ಮಾತಾಡುತ್ತಾರೆ. ತಪ್ಪು ಅವರದಲ್ಲ, ಎಷ್ಟು ಸಲ ಕೂಗುತ್ತಾರೆ ಪಾಪ. ನನಗೆ ಕೇಳಿಸುವುದಿಲ್ಲ ನಿಜ. ಆದರೆ ನಾನು ಕೇಳುತ್ತಲೇ ಇದ್ದೇನೆ. ನಿನ್ನ ಕಾಗದ ಬಂದ ದಿನ ಕೇಳಿಸುವುದೂ ಉಂಟು.

ಪರೀಕ್ಷೆಗೆ ಇನ್ನು ಮೂರೂವರೆ ತಿಂಗಳು. ಪತ್ರಲೇಖನ ಖಂಡಿತ ಬರುತ್ತದೆ, ಚೆನ್ನಾಗಿ ಅಭ್ಯಾಸ ಮಾಡು.

ಕೇಶವಮೂರ್ತಿ


ಮುನಿರ್ಕಾ
೨೨ ಜುಲೈ ೨೦೨೪

ಮಾವನವರಿಗೆ ನಮಸ್ಕಾರಗಳು.

ನಿನ್ನೆ ಪರೀಕ್ಷೆ ಮುಗಿಯಿತು. ಸೆಕೆ ಎಂದರೆ ಸೆಕೆ, ಕೈ ಬೆವರಿ ಹಾಳೆ ಅಂಟುತ್ತಿತ್ತು. ಆದರೂ ಹೇಳುತ್ತೇನೆ ಕೇಳಿ, ಇಂಗ್ಲಿಷ್ ಪೇಪರನ್ನು ನಾನು ಎಲ್ಲರಿಗಿಂತ ಮೊದಲು ಮುಗಿಸಿದೆ!

ವಾಕ್ಯಗಳ ತಪ್ಪು ತಿದ್ದಿ ಎಂದು ಕೊಟ್ಟಿದ್ದರು. ‘ದಿಸ್ ಬುಕ್ ಈಸ್ ಬಿಲಾಂಗಿಂಗ್ ಟು ಮಿ’ ಕಂಡ ಕೂಡಲೇ ನಿಮ್ಮ ಕೆಂಪು ಶಾಯಿ ಕಣ್ಣಿಗೆ ಕಟ್ಟಿತು. ನಗು ಬಂತು. ಆಮೇಲೆ ಪತ್ರ. ನೀವು ಗೌರವಿಸುವ ಒಬ್ಬರಿಗೆ ನಿಮ್ಮ ಕಚೇರಿಯ ಒಂದು ದಿನವನ್ನು ವಿವರಿಸಿ ಬರೆಯಿರಿ ಎಂದಿತ್ತು. ನನಗೆ ಯೋಚನೆಯೇ ಬೇಕಾಗಲಿಲ್ಲ. ‘ಡಿಯರ್ ಮಾವ’ ಎಂದೇ ಶುರುಮಾಡಿ ‘ಮಾವ’ ಎಂದರೆ ಯಾರು ಎಂದು ಒಂದು ವಾಕ್ಯದಲ್ಲಿ ವಿವರಿಸಿದೆ. ಕಾರಿಡಾರಿನ ಕುರ್ಚಿ, ಅನೂಪ್ ಸರ್ ಅವರ ಚಹಾ, ಫೈಲುಗಳ ಧೂಳು, ಮೆಟ್ರೋದಲ್ಲಿ ಸ್ಟೇಷನ್ ತಪ್ಪಿದ್ದು ಎಲ್ಲ ಬರೆದೆ. ಒಂದೇ ಒಂದು ಕಡೆಯೂ ಬೇಡದ ‘ಇಂಗ್’ ಹಾಕಿಲ್ಲ ಎಂದುಕೊಂಡಿದ್ದೇನೆ. ಕೊನೆಯಲ್ಲಿ ನಿಮ್ಮ ಮಾತು ನೆನಪಿಟ್ಟುಕೊಂಡು ‘ಪದ್ಮಾ, ಮುನಿರ್ಕಾ’ ಎಂದು ಸ್ಪಷ್ಟವಾಗಿ ಸಹಿ ಹಾಕಿದೆ.

ಹೊರಗೆ ಬಂದು ಗಗನಾಳಿಗೆ ಗೋಲ್‌ಗಪ್ಪಾ ಕೊಡಿಸಿದೆ. ನಾನೂ ತಿಂದೆ. ಬಹಳ ಕಾಲದ ಮೇಲೆ ಬಾಯಿಗೆ ರುಚಿ ಹತ್ತಿತು ಮಾವ.

ಪದ್ಮಾ


ದಾವಣಗೆರೆ
೨೯ ಜುಲೈ ೨೦೨೪

ಪದ್ಮಾ,

ತುರ್ತು. ಪ್ರಶ್ನೆಪತ್ರಿಕೆಯಲ್ಲಿ ಸಹಿಗೆ ಹೆಸರು ಕೊಟ್ಟಿದ್ದರೇ? ‘ಎ ಬಿ ಸಿ’ ಅಥವಾ ‘ಎಕ್ಸ್ ವೈ ಜೆಡ್’ ಎಂದು? ಉತ್ತರಪತ್ರಿಕೆಯ ಒಳಗೆ ನಿನ್ನ ನಿಜವಾದ ಹೆಸರು ಎಲ್ಲೂ ಬರಬಾರದು ಎಂದು ನಾನು ನಿನಗೆ ಹೇಳಿದ್ದೆನೇ? ನೆನಪು ಮಾಡಿಕೊಂಡರೆ ಹೇಳಿದ ಹಾಗಿಲ್ಲ. ಕೂಡಲೇ ಬರೆ. ಬೇಡ, ಶ್ರೀವಿದ್ಯಾಳಿಗೆ ಫೋನ್ ಮಾಡು.

ಕೇಶವಮೂರ್ತಿ


ಮುನಿರ್ಕಾ
೧೫ ಸೆಪ್ಟೆಂಬರ್ ೨೦೨೪

ಮಾವನವರಿಗೆ ನಮಸ್ಕಾರಗಳು.

ಶ್ರೀವಿದ್ಯಾ ನಿಮಗೆ ಅರ್ಧ ಹೇಳಿರುತ್ತಾಳೆ. ಪೂರ್ತಿಯನ್ನು ನಾನೇ ಬರೆಯುತ್ತೇನೆ.

ನನ್ನ ಇಂಗ್ಲಿಷ್ ಪೇಪರ್ ರದ್ದಾಯಿತು. ಉತ್ತರಪತ್ರಿಕೆಯಲ್ಲಿ ಗುರುತು ತೋರಿಸಿದ್ದಾಳೆ ಎಂಬ ಕಾರಣಕ್ಕೆ. ‘ಎಲ್ಲೂ ಹೆಸರು ಬರೆಯಬಾರದು’ ಎಂದು ಪರೀಕ್ಷಾ ಕೊಠಡಿಯಲ್ಲಿ ಓದಿ ಹೇಳಿದ್ದರು, ನಾನೂ ಕೇಳಿಸಿಕೊಂಡೆ. ಮುಖಪುಟದಲ್ಲಿ ರೋಲ್ ನಂಬರ್ ಮಾತ್ರ ಬರೆದೆ. ಆದರೆ ಪತ್ರದ ಕೆಳಗೆ ಬರೆಯುವುದೂ ಅದೇ ಹೆಸರು ಎಂದು ನನಗೆ ಹೊಳೆಯಲೇ ಇಲ್ಲ. ಅದು ಪತ್ರ, ಪತ್ರಕ್ಕೆ ಸಹಿ ಬೇಕು, ಹಾಕಿದೆ. ಅಷ್ಟು ತಿಂಗಳು ವಾರ ವಾರ ಹಾಕಿದ ಕೈ, ತಾನಾಗಿಯೇ ಹಾಕಿತು.

ಅನೂಪ್ ಸರ್ ಒಳಗೆ ಕರೆದು ಬಾಗಿಲು ಹಾಕಿದರು. ‘ದೇಖಿಯೇ, ಅಂಕ ಅಚ್ಛೇ ಹೈಂ, ಎಲ್ಲರಿಗಿಂತ ಜಾಸ್ತಿ’ ಎಂದರು. ಆಮೇಲೆ ಮೆಲ್ಲಗೆ, ‘ಒಂದು ದಾರಿ ಇದೆ. ಪತ್ರದಲ್ಲಿ ಇರೋದು ಕಾಲ್ಪನಿಕ ಹೆಸರು, ನನ್ನ ಹೆಸರಲ್ಲ ಅಂತ ಒಂದು ಸಾಲು ಬರೆದುಕೊಡಿ. ಪದ್ಮಾ ಎನ್ನೋರು ಎಷ್ಟೋ ಜನ ಇರ್ತಾರೆ. ಇಲ್ಲಿ ನಿಮ್ಮನ್ನ ಆ ಹೆಸರಿನಿಂದ ಯಾರು ಕರೀತಾರೆ?’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಾಳೆಯನ್ನೂ ಪೆನ್ನನ್ನೂ ಮುಂದೆ ಸರಿಸಿದರು.

ಪೆನ್ನು ತಗೊಂಡೆ ಮಾವ. ಸುಳ್ಳು ಹೇಳಬಾರದು, ತಗೊಂಡೆ. ಒಂದು ಸಾಲು, ಮೇಜು ನನ್ನದು. ಆದರೆ ಆ ಕಚೇರಿಗೆ ಕಾಲಿಟ್ಟಾಗಿನಿಂದ ನನ್ನದೇ ಹೆಸರಿನಲ್ಲಿ ನಾನು ಬರೆದದ್ದು ಅದೊಂದೇ. ಅದನ್ನೂ ನನ್ನದಲ್ಲ ಎಂದು ಹೇಗೆ ಬರೆಯಲಿ? ಪೆನ್ನು ಕೆಳಗಿಟ್ಟು ಇಂಗ್ಲಿಷಿನಲ್ಲೇ ಹೇಳಿದೆ, ‘ಸರ್, ದಟ್ ಈಸ್ ಮೈ ನೇಮ್. ಐ ಮೇಡ್ ಎ ಮಿಸ್ಟೇಕ್. ಐ ವಿಲ್ ರೈಟ್ ಎಗೇನ್ ನೆಕ್ಸ್ಟ್ ಇಯರ್.’ ಒಂದು ವರ್ಬೂ ತಪ್ಪಲಿಲ್ಲ. ಅವರು ‘ಚಲೋ, ಠೀಕ್ ಹೈ’ ಎಂದು ಹಾಳೆಯನ್ನು ಡ್ರಾಯರಿಗೆ ಹಾಕಿದರು.

ಹೊರಗೆ ಬಂದು ನನ್ನ ಕುರ್ಚಿಯಲ್ಲಿ ಕೂತು ಅತ್ತೆ. ಅದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ಬಹಳ ದೊಡ್ಡವಳು ಎಂದುಕೊಳ್ಳುತ್ತೀರಿ.

ಪದ್ಮಾ


ದಾವಣಗೆರೆ
೪ ಅಕ್ಟೋಬರ್ ೨೦೨೪

ಪದ್ಮಾ,

ಪರೀಕ್ಷೆಯಲ್ಲಿ ಹೆಸರು ಬರೆಯಬೇಡಿ ಎಂದು ಪ್ರತಿ ಮಾರ್ಚಿನಲ್ಲೂ ಬಾಯಿ ನೋಯುವಷ್ಟು ಹೇಳುತ್ತಿದ್ದವನು ನಾನು. ಒಬ್ಬ ವಿದ್ಯಾರ್ಥಿಯೂ ಇದರಲ್ಲಿ ಎಡವಿರಲಿಲ್ಲ. ನಿನಗೆ ಮಾತ್ರ ಹೇಳಲಿಲ್ಲ. ಯಾಕೆಂದರೆ ನೀನು ಬರೆಯುತ್ತಿದ್ದದ್ದು ಪರೀಕ್ಷೆಗೆ ಎಂಬುದೇ ನನಗೆ ಮರೆತುಹೋಗಿತ್ತು. ನನಗೆ ಬರೆಯುತ್ತಿದ್ದೀಯೆ ಎಂದುಕೊಂಡಿದ್ದೆ.

ದೆಹಲಿಯಲ್ಲಿ ಒಳ್ಳೆಯ ಕೋಚಿಂಗ್ ಕ್ಲಾಸುಗಳಿವೆಯಂತೆ. ಸೇರಿಕೋ. ಕಿವುಡ ಮುದುಕನ ಹತ್ತಿರ ಕಲಿತು ಇನ್ನೊಂದು ವರ್ಷ ಹಾಳು ಮಾಡಿಕೊಳ್ಳಬೇಡ. ಹಾಳೆಗಳನ್ನು ಇನ್ನು ಕಳಿಸಬೇಡ.

ಕೇಶವಮೂರ್ತಿ


ಮುನಿರ್ಕಾ
೧೦ ನವೆಂಬರ್ ೨೦೨೪

ಮಾವನವರಿಗೆ,

ನಮಸ್ಕಾರ ಇಲ್ಲ ಈ ಸಲ. ಕೋಪ ಬಂದಿದೆ.

ಕೆಂಪು ಪೆನ್ನನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೀರಂತೆ. ಊಟಕ್ಕೆ ಎರಡು ಸಲ ಕರೆಯಬೇಕಂತೆ, ಬೆಳಿಗ್ಗೆ ಪೇಪರನ್ನೂ ಬಿಡಿಸುವುದಿಲ್ಲವಂತೆ. ಶ್ರೀವಿದ್ಯಾ ಅಳುತ್ತಾ ಫೋನ್ ಮಾಡಿದ್ದಳು. ಇದೇನು ಮಾವ, ಪೇಪರ್ ರದ್ದಾದದ್ದು ನನ್ನದು, ಮುಖ ಸಪ್ಪೆ ಮಾಡಿಕೊಂಡು ಕೂತದ್ದು ನೀವು?

ನಿಮಗೊಂದು ವಿಷಯ ಹೇಳುತ್ತೇನೆ. ಪೇಪರ್ ರದ್ದಾದ ಸುದ್ದಿ ಕಚೇರಿಯಲ್ಲೆಲ್ಲ ಹರಡಿತು. ‘ಆ ಪದ್ಮಾ ಯಾರು, ಎಲ್ಲರಿಗಿಂತ ಜಾಸ್ತಿ ಅಂಕ ತೆಗೆದು ಸಹಿಯಿಂದ ಕೆಟ್ಟವಳು?’ ಎಂದು ಬೇರೆ ಮಹಡಿಯವರೂ ಬಂದು ನೋಡಿಹೋಗುತ್ತಾರೆ. ನಗುತ್ತಾರೆ, ನಗಲಿ. ಆದರೆ ಈಗ ನನ್ನನ್ನು ‘ಪದ್ಮಾಜೀ’ ಎಂದು ಕರೆಯುತ್ತಿದ್ದಾರೆ. ಆ ಹೆಸರನ್ನು ಅಲ್ಲಿಗೆ ತಲುಪಿಸಿದ್ದು ನೀವು ಕಲಿಸಿದ ಸಹಿ. ಅದನ್ನು ನೀವು ತಪ್ಪು ಎನ್ನುವ ಹಾಗಿಲ್ಲ.

ನಿಮ್ಮ ಕಾಗದಗಳಲ್ಲಿ ಒಂದು ಹೆಸರು ಎಂದೂ ಬರುವುದಿಲ್ಲ. ನನ್ನವುಗಳಲ್ಲೂ ನಾನಾಗಿ ಬರೆದಿಲ್ಲ. ಆ ಮಾತು ಬಿಟ್ಟು ವರ್ಬು, ರೇವಡಿ, ಸೆಕೆ ಎಲ್ಲ ಬರೆದೆವು. ಅದೂ ಒಂದು ಮಾತುಕತೆಯೇ ಆಗಿತ್ತು ನನಗೆ. ಅದನ್ನೂ ನಿಲ್ಲಿಸಿದರೆ ನಾನು ಯಾರ ಹತ್ತಿರ ಹೋಗಲಿ?

ಕೋಚಿಂಗ್ ಕ್ಲಾಸಿಗೆ ಒಂದು ದಿನ ಹೋಗಿ ಬಂದೆ. ಆ ಮೇಷ್ಟರು ‘ಸ್ಟೇಟ್ ವರ್ಬ್ಸ್ ರಟ್ಟಾ ಮಾರೋ’ ಎಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಲು ಹೇಳಿದರು. ಒಬ್ಬರೂ ಎದ್ದು ನಿಲ್ಲಲಿಲ್ಲ. ನಾನು ಎದ್ದು ಮನೆಗೆ ಬಂದೆ.

ಇದರ ಜೊತೆ ಒಂದು ಪುಟ ಇಂಗ್ಲಿಷ್ ಇದೆ. ಬೇಕೆಂದೇ ಬರೆದದ್ದು. ಮೊದಲ ಸಾಲು: ‘ಐ ಆಮ್ ನೋಯಿಂಗ್ ಮೈ ಮಾವ ಈಸ್ ಹ್ಯಾವಿಂಗ್ ರೆಡ್ ಪೆನ್ ಆಂಡ್ ಈಸ್ ವಾಂಟಿಂಗ್ ಟು ಯೂಸ್ ಇಟ್.’ ಮುಂದೆ ಇನ್ನೂ ಚೆನ್ನಾಗಿದೆ. ಇದನ್ನು ನೋಡಿಯೂ ಸುಮ್ಮನೆ ಕೂರಬಲ್ಲಿರಾದರೆ ಕೂರಿ, ನೋಡೋಣ.

ಪದ್ಮಾ


ದಾವಣಗೆರೆ
೧೯ ನವೆಂಬರ್ ೨೦೨೪

ಪದ್ಮಾ,

ತಿದ್ದಿದ ಪುಟ ಇದರೊಂದಿಗಿದೆ. ಇಂಥ ದರಿದ್ರ ಇಂಗ್ಲಿಷನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಬೀಗದ ಕೈ ಸಿಗದೆ ಬೀರುವಿನ ಬಾಗಿಲನ್ನು ಎಳೆದಾಡಿದೆ. ಹಿಡಿಕೆ ಕಿತ್ತು ಬಂದಿದೆ, ಶ್ರೀವಿದ್ಯಾ ನಗುತ್ತಿದ್ದಾಳೆ.

ಮುಂದಿನ ವಾರದಿಂದ ಪತ್ರಲೇಖನ. ಇನ್ನು ಮೇಲೆ ಪ್ರತಿಯೊಂದಕ್ಕೂ ‘ಎ ಬಿ ಸಿ’ ಎಂದೇ ಸಹಿ. ಕೈಗೆ ಅಭ್ಯಾಸವಾಗಲಿ. ಕನ್ನಡದ ಕಾಗದಕ್ಕೆ ಮಾತ್ರ ನಿನ್ನ ಹೆಸರು.

ಕೇಶವಮೂರ್ತಿ


ಮುನಿರ್ಕಾ
೧೪ ಜುಲೈ ೨೦೨೫

ಮಾವನವರಿಗೆ ನಮಸ್ಕಾರಗಳು.

ನಿನ್ನೆ ಬರೆದು ಬಂದೆ. ಇದು ಕೊನೆಯ ಸಲ. ಫಲಿತಾಂಶ ಏನಾದರೂ ಇನ್ನು ಆ ಪರೀಕ್ಷಾ ಕೊಠಡಿಗೆ ನಾನು ಹೋಗುವಂತಿಲ್ಲ.

ಬೆಳಿಗ್ಗೆ ಗಗನಾ ನನ್ನ ಬಲಗೈ ಮೇಲೆ ಪೆನ್ನಿನಿಂದ ‘ಎ ಬಿ ಸಿ’ ಎಂದು ಬರೆಯಲು ಬಂದಳು. ‘ಬೇಡ ಮಗಾ, ಕಾಪಿ ಅಂತ ಹಿಡೀತಾರೆ’ ಅಂದೆ. ‘ಅಚ್ಛಾ, ಹಾಗಾದ್ರೆ ತಾತನ ಹೆಸರು ಬರಿಯಲಾ?’ ಅಂತ ಕೇಳುತ್ತಾಳೆ! ಅವಳ ಜೊತೆ ಮೇಲಿನ ಹುಡುಗಿಯರೂ ಮೆಟ್ರೋದವರೆಗೆ ಬಂದರು.

ಪತ್ರ ಈ ಸಲ ಪುರಸಭೆಗೆ, ಬೀದಿದೀಪದ ಬಗ್ಗೆ. ಬೇಗ ಮುಗಿಯಿತು. ಕೊನೆಗೆ ಬಂದಾಗ ಕೈ ನಿಂತಿತು. ಸಹಿಯ ಜಾಗದಲ್ಲಿ ‘ಎ ಬಿ ಸಿ’ ಎಂದು ಬರೆದೆ. ಯಾರೋ ಗೊತ್ತಿಲ್ಲದವರ ಹೆಸರು ಬರೆದ ಹಾಗಾಯಿತು. ಹತ್ತು ಸಲ ತಿರುಗಿಸಿ ನೋಡಿ, ಪುಟಪುಟದಲ್ಲೂ ನನ್ನನ್ನು ಹುಡುಕಿ, ಎಲ್ಲೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕೊಟ್ಟು ಬಂದೆ.

ಭಯ ಇದೆ ಮಾವ. ಎದ್ದು ಮಾಡಿ ತೋರಿಸಲು ಬರುವುದಿಲ್ಲ, ಆದರೆ ಇದೆ.

ಪದ್ಮಾ


ದಾವಣಗೆರೆ
೨೭ ಅಕ್ಟೋಬರ್ ೨೦೨೫

ಚಿ. ಸೌ. ಪದ್ಮಾಳಿಗೆ ಮಾವನ ಆಶೀರ್ವಾದಗಳು.

ಮೇಲಿನ ಸಾಲನ್ನು ಶ್ರೀವಿದ್ಯಾ ನನ್ನ ಹೆಗಲ ಮೇಲಿಂದ ಓದಿದಳು. ನನ್ನ ಕಿವಿಯ ಹತ್ತಿರ ಬಂದು, ‘ಅಪ್ಪಾ, ಅಲ್ಲಿ ಸೌ ಅಂತ ಬರ್ದಿದ್ದೀಯಾ, ತಪ್ಪಾಯ್ತು’ ಎಂದು ಕೂಗಿದಳು. ಅವಳಿಗೆ ಹೇಳಿದೆ, ‘ಜೀವಮಾನವೆಲ್ಲ ತಪ್ಪು ತಿದ್ದಿದೋನು ನಾನು. ಇದು ತಪ್ಪಲ್ಲ.’ ಸೌಭಾಗ್ಯ ಎಂದರೆ ಒಳ್ಳೆಯ ಭಾಗ್ಯ, ಅಷ್ಟೇ. ನಿನ್ನದನ್ನು ನೀನು ಕೂತು, ನಿಂತು, ಎರಡು ಸಲ ಬರೆದು ಸಂಪಾದಿಸಿದ್ದೀಯೆ. ಅದನ್ನು ನಿನ್ನ ಹೆಸರಿನ ಹಿಂದಿನಿಂದ ತೆಗೆಯಲು ನಾನು ಯಾರು? ಆ ಜನವರಿಯಲ್ಲಿ ಎರಡು ಹಾಳೆ ಹರಿದೆನಲ್ಲ, ಎರಡರಲ್ಲೂ ಇದನ್ನೇ ಬರೆದಿದ್ದೆ. ಧೈರ್ಯ ಸಾಲಲಿಲ್ಲ.

ನೀನು ಪಾಸಾದ ಸುದ್ದಿಯನ್ನು ಫೋನಿನಲ್ಲಿ ಕೇಳಿ ಶ್ರೀವಿದ್ಯಾ ಕುಣಿದಾಡಿದಳು. ನನಗೆ ಅವಳ ಮಾತು ಕೇಳಿಸಲಿಲ್ಲ, ಕುಣಿತ ಕಂಡಿತು. ಅರ್ಥವಾಗಲು ಅಷ್ಟು ಸಾಕಾಯಿತು.

ದೀಪಾವಳಿಯ ಮರುದಿನ ನಿನ್ನ ಕಾಗದ ಬಂತು, ಹೊಸ ಮೇಜಿನಿಂದ ಬರೆದದ್ದು. ನಾನು ಕೇಳದೆ, ನೀನಾಗಿಯೇ ಇಂಗ್ಲಿಷಿನಲ್ಲಿ ಬರೆದ ಮೊದಲ ಕಾಗದ. ‘ಐ ಹ್ಯಾವ್ ಎ ಟೇಬಲ್ ನೌ’ ಎಂದು ಶುರುಮಾಡಿದ್ದೀಯೆ. ಕಿಟಕಿಯ ಪಕ್ಕವಂತೆ, ಒಂದು ಕಾಲು ಅಲುಗಾಡುತ್ತದಂತೆ, ಕಾಗದ ಮಡಚಿ ಇಟ್ಟಿದ್ದೀಯಂತೆ. ನಗುತ್ತಾ ಓದಿದೆ. ಎರಡನೆಯ ಪುಟದಲ್ಲಿ ಅವನ ಬಗ್ಗೆ ಬರೆದಿದ್ದೀಯೆ, ಹೆಸರು ಹಿಡಿದು. ಯೋಗೀಶ ಕೂರುತ್ತಿದ್ದ ಜಾಗ ಆ ಕೋಣೆಯಲ್ಲಿ ಯಾವುದು, ಅಲ್ಲಿಂದ ಅವನಿಗೆ ಏನು ಕಾಣಿಸುತ್ತಿತ್ತು, ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ನಿನಗೆ ಏನಾಗುತ್ತದೆ, ಎಲ್ಲ. ನಾನು ನಾಲ್ಕು ವರ್ಷದಿಂದ ಯಾರ ಮುಂದೆಯೂ ಎತ್ತದ ಹೆಸರು. ನೋಡು, ನಾನೂ ಈಗ ಬರೆದೆ. ಯೋಗೀಶ. ಹುಡುಗನಿದ್ದಾಗ ಅವನ ಕಾಗದಗಳನ್ನೂ ಹೀಗೇ ಕೆಂಪು ಮಾಡಿ ವಾಪಸ್ ಕಳಿಸುತ್ತಿದ್ದೆ. ಹಾಸ್ಟೆಲಿನಿಂದ ಬರೆದ ಒಂದನ್ನೂ ನಾನು ಇಟ್ಟುಕೊಂಡಿಲ್ಲ ಪದ್ಮಾ. ಈಗ ಹುಡುಕಿದರೆ ನನ್ನ ಹತ್ತಿರ ಅವನ ಕೈಬರಹ ಇಲ್ಲ.

ಶ್ರೀವಿದ್ಯಾ ಕೆಂಪು ಪೆನ್ನನ್ನೂ ನಿನ್ನ ಕಾಗದವನ್ನೂ ತಂದು ಎದುರಿಗಿಟ್ಟಳು. ಪೆನ್ನಿನ ಟೋಪಿ ತೆಗೆದೆ. ನಿನ್ನ ಕಾಗದದಲ್ಲಿ ಎರಡು ತಪ್ಪುಗಳಿವೆ, ಎರಡೂ ಆ ಎರಡನೆಯ ಪುಟದಲ್ಲೇ. ಯಾವುವು ಎಂದು ಹೇಳುವುದಿಲ್ಲ, ತಿದ್ದುವುದೂ ಇಲ್ಲ. ಕೆಳಗೆ ನಿನ್ನ ಹೆಸರು ಸ್ಪಷ್ಟವಾಗಿದೆ. ಅದನ್ನು ಮಡಚಿ ನನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಆ ಕಾಗದ ನಿನಗೆ ವಾಪಸ್ ಬರುವುದಿಲ್ಲ.

ನಿನ್ನ ಮಾವ,
ಕೇಶವಮೂರ್ತಿ